ಶಿಶುವಿನ ತಲೆ ಒಂದು ಬದಿಗೆ ಚಪ್ಪಟೆಯಾಗುವುದು: ಪೋಷಕರ ತಿಳಿವಳಿಕೆಗಾಗಿ

(ದೇಸೂರ ಹಾಗೂ ಬೆಳಗಾವಿ–ಖಾನಾಪುರ ಮಾರ್ಗದ ಗ್ರಾಮಗಳ ಸಾರ್ವಜನಿಕರಿಗೆ)

ಹುಟ್ಟಿದಾಗ ದುಂಡಗಿದ್ದ ಕೂಸಿನ ತಲೆಯು ಎರಡು ಮೂರು ತಿಂಗಳಾಗುವಷ್ಟರಲ್ಲಿ ಹಿಂಭಾಗದಲ್ಲಿ ಅಥವಾ ಒಂದು ಮಗ್ಗುಲಿನಲ್ಲಿ ಚಪ್ಪಟೆಯಾಗಿ ಕಾಣುವುದು ಸಾಮಾನ್ಯವಾದ ಸಂಗತಿಯಾಗಿರುತ್ತದೆ. ಬಹುತೇಕ ಶಿಶುಗಳಲ್ಲಿ ಇದು ರೋಗವಲ್ಲ. ಮಲಗಿಸುವ, ಎತ್ತಿಕೊಳ್ಳುವ ರೀತಿಯಲ್ಲಿ ಕೆಲವು ಬದಲಾವಣೆ ಮಾಡಿದಲ್ಲಿ ತಲೆಯ ಆಕಾರ ತಾನಾಗಿಯೇ ಸುಧಾರಿಸುತ್ತದೆ. ಆದರೆ ಈ ಬದಲಾವಣೆಗಳಿಗೆ ಒಂದು ಕಾಲಮಿತಿಯಿದೆ. ಮೊದಲ ನಾಲ್ಕು ತಿಂಗಳಲ್ಲಿ ಸುಲಭವಾಗಿ ಆಗುವ ಕೆಲಸವು ಎಂಟು ತಿಂಗಳ ನಂತರ ಅಷ್ಟು ಸುಲಭವಾಗಿ ಆಗುವುದಿಲ್ಲ. ಅಲ್ಲದೆ ಅಪರೂಪಕ್ಕೆ ಕೆಲವು ಶಿಶುಗಳಲ್ಲಿ ಆಕಾರ ಬದಲಾಗಲು ಬೇರೆಯೇ ಕಾರಣವಿದ್ದು, ಅಂತಹ ಶಿಶುಗಳಿಗೆ ವರ್ಷ ತುಂಬುವುದರೊಳಗೆ ತಜ್ಞರ ಚಿಕಿತ್ಸೆ ಅವಶ್ಯವಿರುತ್ತದೆ. ಈ ಎರಡನ್ನೂ ಪೋಷಕರು ಹೇಗೆ ಪ್ರತ್ಯೇಕಿಸಿ ಗುರುತಿಸಬೇಕು, ಯಾವಾಗ ಮತ್ತು ಎಲ್ಲಿ ತೋರಿಸಬೇಕು ಎಂಬ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಚಪ್ಪಟೆಯಾಗುವುದು ಏಕೆ

ಶಿಶುವಿನ ತಲೆಬುರುಡೆಯು ದೊಡ್ಡವರ ಬುರುಡೆಯಂತೆ ಒಂದೇ ಗಟ್ಟಿ ಚಿಪ್ಪಾಗಿರುವುದಿಲ್ಲ. ಹಲವು ತೆಳುವಾದ ಮೂಳೆಯ ಹಲ್ಲೆಗಳು ಹೊಲಿಗೆಯಂತಹ ಸಂದುಗಳಿಂದ ಕೂಡಿಕೊಂಡಿರುತ್ತವೆ. ಮೇಲ್ಭಾಗದಲ್ಲಿ ಬೆರಳಿಗೆ ಮೆತ್ತಗೆ ಸಿಗುವ ನೆತ್ತಿಯು ಇಂತಹ ಸಂದುಗಳು ಸೇರುವ ಸ್ಥಳವಾಗಿದ್ದು, ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ ಮುಚ್ಚುತ್ತದೆ. ಹಿಂಭಾಗದ ಸಣ್ಣ ನೆತ್ತಿಯು ಎರಡು ಮೂರು ತಿಂಗಳಲ್ಲೇ ಮುಚ್ಚಿಕೊಳ್ಳುತ್ತದೆ. ಹೆರಿಗೆಯ ವೇಳೆ ತಲೆ ಹೊರಬರಲು ಮತ್ತು ಆ ಬಳಿಕ ಮೆದುಳು ಬೆಳೆಯಲು ಈ ರಚನೆ ಅನುಕೂಲವಾಗಿದೆ. ದಿನತುಂಬಿ ಹುಟ್ಟಿದ ಶಿಶುವಿನ ತಲೆಯ ಸುತ್ತಳತೆ ಸುಮಾರು 34ರಿಂದ 35 ಸೆಂಟಿಮೀಟರ್ ಇರುತ್ತದೆ. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂಟಿಮೀಟರ್, ಮುಂದಿನ ಮೂರು ತಿಂಗಳು ತಿಂಗಳಿಗೆ ಸುಮಾರು 1 ಸೆಂಟಿಮೀಟರ್, ಅಲ್ಲಿಂದ ವರ್ಷ ತುಂಬುವವರೆಗೆ ತಿಂಗಳಿಗೆ ಸುಮಾರು ಅರ್ಧ ಸೆಂಟಿಮೀಟರ್‌ನಂತೆ ಅದು ಹೆಚ್ಚುತ್ತದೆ.

ಮೇಲಿನ ಲೆಕ್ಕವನ್ನು ಗಮನಿಸಿದಲ್ಲಿ ವಿಷಯ ಸ್ಪಷ್ಟವಾಗುತ್ತದೆ. ತಲೆ ಅತಿ ವೇಗವಾಗಿ ಬೆಳೆಯುವ ಅವಧಿ ಮತ್ತು ಕೂಸು ತನ್ನ ಕುತ್ತಿಗೆಯನ್ನು ತಾನೇ ತಿರುಗಿಸಲಾರದೆ ಮಲಗಿರುವ ಅವಧಿ ಎರಡೂ ಒಂದೇ ಆಗಿರುತ್ತವೆ. ಒಂದೇ ಜಾಗ ಸದಾ ಹಾಸಿಗೆಗೆ ಒತ್ತಿಕೊಂಡಿದ್ದರೆ ಅಲ್ಲಿ ಬೆಳವಣಿಗೆ ನಿಂತು, ಒತ್ತಡವಿಲ್ಲದ ಕಡೆ ತಲೆ ಬೆಳೆಯುತ್ತದೆ. ಅದೇ ಬೆಳವಣಿಗೆಯನ್ನು ಚಪ್ಪಟೆಯಾದ ಜಾಗದ ಕಡೆಗೆ ತಿರುಗಿಸುವುದೇ ಇದರ ಪರಿಹಾರವೂ ಆಗಿದೆ. ಬೆಳವಣಿಗೆಯ ವೇಗ ಇಳಿದ ಮೇಲೆ ಪರಿಹಾರವೂ ನಿಧಾನವಾಗುತ್ತದೆ.

ಒಂದು ಮಗ್ಗುಲು ಚಪ್ಪಟೆಯಾಗುವುದಕ್ಕೆ ವೈದ್ಯರು ಪ್ಲೇಜಿಯೊಸೆಫಲಿ ಎಂದೂ, ಹಿಂಭಾಗ ಪೂರ್ಣ ಚಪ್ಪಟೆಯಾಗಿ ತಲೆ ಅಗಲವಾಗುವುದಕ್ಕೆ ಬ್ರೇಕಿಸೆಫಲಿ ಎಂದೂ ಹೇಳುತ್ತಾರೆ. ಚೀಟಿಯಲ್ಲಿ ಈ ಪದಗಳನ್ನು ಕಂಡು ಪೋಷಕರು ಗಾಬರಿಯಾಗಬೇಕಿಲ್ಲ. ಕೆನಡಾ ದೇಶದ ಕ್ಯಾಲ್ಗರಿ ನಗರದಲ್ಲಿ 7ರಿಂದ 12 ವಾರದ 440 ಶಿಶುಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 46.6ರಷ್ಟು ಶಿಶುಗಳಲ್ಲಿ ಒಂದಿಲ್ಲೊಂದು ಪ್ರಮಾಣದ ಚಪ್ಪಟೆ ಕಂಡುಬಂದಿತ್ತು. ಅವುಗಳಲ್ಲಿ ಹೆಚ್ಚಿನವು ಅಲ್ಪ ಪ್ರಮಾಣದವು. ಚೊಚ್ಚಲ ಶಿಶುಗಳು, ಗಂಡು ಶಿಶುಗಳು, ಅವಳಿಗಳು, ದಿನ ತುಂಬುವ ಮೊದಲೇ ಹುಟ್ಟಿದವರು ಹಾಗೂ ಉಪಕರಣದ ಸಹಾಯದಿಂದ ಹೆರಿಗೆಯಾದವರಲ್ಲಿ ಇದು ಹೆಚ್ಚು. ಎಡಕ್ಕಿಂತ ಬಲಮಗ್ಗುಲು ಚಪ್ಪಟೆಯಾಗುವುದೇ ಅಧಿಕ.

ಹೆರಿಗೆಯಾದ ಕೂಡಲೇ ತಲೆ ಉದ್ದವಾಗಿ ಅಥವಾ ಉಬ್ಬಿದಂತೆ ಕಾಣುವುದು ಬೇರೆ ವಿಷಯ. ಅದು ಹೆರಿಗೆಯ ಒತ್ತಡದಿಂದ ಆಗಿದ್ದು, ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಸರಿಹೋಗುತ್ತದೆ.

ಅಂಗಾತ ಮಲಗಿಸುವುದನ್ನು ನಿಲ್ಲಿಸಬಾರದು

ತಲೆ ಚಪ್ಪಟೆಯಾಗಿದೆ ಎಂದು ತಿಳಿದ ಕೂಡಲೇ ಕೂಸನ್ನು ಬೋರಲು ಅಥವಾ ಮಗ್ಗುಲಾಗಿ ಮಲಗಿಸಿ ನಿದ್ದೆ ಮಾಡಿಸುವುದು ಕೆಲವು ಮನೆಗಳಲ್ಲಿ ಕಂಡುಬರುತ್ತದೆ. ಇದನ್ನು ಮಾಡಕೂಡದು. ತಲೆಯ ಆಕಾರ ಕೆಡುವುದು ನೋಟದ ಪ್ರಶ್ನೆಯಾದರೆ, ನಿದ್ದೆಯಲ್ಲಿ ಉಸಿರು ನಿಲ್ಲುವುದು ಪ್ರಾಣದ ಪ್ರಶ್ನೆಯಾಗಿರುತ್ತದೆ.

1980ರ ದಶಕದವರೆಗೆ ಪಾಶ್ಚಾತ್ಯ ದೇಶಗಳಲ್ಲಿ ಶಿಶುಗಳನ್ನು ಬೋರಲು ಮಲಗಿಸುವ ರೂಢಿ ಇತ್ತು. ಆರೋಗ್ಯವಂತ ಶಿಶುಗಳು ನಿದ್ದೆಯಲ್ಲೇ ಹಠಾತ್ತನೆ ಮರಣ ಹೊಂದುವುದಕ್ಕೂ ಈ ರೂಢಿಗೂ ಸಂಬಂಧವಿರುವುದು ತಿಳಿದ ಮೇಲೆ ಬ್ರಿಟನ್ನಿನಲ್ಲಿ 1991ರಲ್ಲಿ ಅಂಗಾತ ಮಲಗಿಸುವ ಪ್ರಚಾರಾಂದೋಲನ ಆರಂಭವಾಯಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 1992ರಲ್ಲಿ ಸಲಹೆ ನೀಡಿ, 1994ರಲ್ಲಿ ಅಲ್ಲಿ ರಾಷ್ಟ್ರವ್ಯಾಪಿ ಆಂದೋಲನ ನಡೆಯಿತು. ಒಂದು ದಶಕದೊಳಗೆ ಇಂತಹ ಮರಣಗಳು ಅರ್ಧಕ್ಕಿಂತ ಕಡಿಮೆಯಾದವು. ಅದೇ ವೇಳೆ ತಲೆ ಚಪ್ಪಟೆಯಾದ ಶಿಶುಗಳ ಸಂಖ್ಯೆ ಹೆಚ್ಚಿತು. ಒಂದರ ಲಾಭದೊಡನೆ ಇನ್ನೊಂದರ ಸಣ್ಣ ನಷ್ಟ ಬಂದಿತು ಎನ್ನಬಹುದು. ನಷ್ಟವನ್ನು ಎಚ್ಚರದ ವೇಳೆಯಲ್ಲಿ ತುಂಬಿಕೊಳ್ಳಬಹುದಾದ್ದರಿಂದ ಲಾಭವನ್ನು ಬಿಟ್ಟುಕೊಡುವ ಅಗತ್ಯವಿಲ್ಲ.

ಆದ್ದರಿಂದ ವರ್ಷ ತುಂಬುವವರೆಗೆ ಹಗಲಾಗಲಿ ರಾತ್ರಿಯಾಗಲಿ ನಿದ್ದೆಗೆ ಅಂಗಾತವಾಗಿಯೇ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ದಿಂಬಿಲ್ಲದೆ ಮಲಗಿಸತಕ್ಕದ್ದು. ಕೂಸು ಎರಡೂ ಕಡೆಗೆ ತಾನೇ ಮಗುಚಿಕೊಳ್ಳಲು ಕಲಿತ ಮೇಲೆ, ಅಂಗಾತ ಮಲಗಿಸಿದ ಬಳಿಕ ಅದು ನಿದ್ದೆಯಲ್ಲಿ ತಾನಾಗಿ ಬೋರಲಾದರೆ ಪ್ರತಿ ಬಾರಿ ಎದ್ದು ತಿರುಗಿಸುತ್ತಾ ಕೂಡುವ ಅಗತ್ಯವಿಲ್ಲ.

ಮನೆಯಲ್ಲಿ ಮಾಡಬೇಕಾದುದು

ಕೂಸು ಬೆಳಕಿನ ಕಡೆಗೆ, ಬಾಗಿಲಿನ ಕಡೆಗೆ, ತಾಯಿಯ ದನಿ ಬರುವ ಕಡೆಗೆ ತಲೆ ತಿರುಗಿಸುತ್ತದೆ. ಬಾಣಂತಿಯ ಕೋಣೆಗೆ ಸಾಮಾನ್ಯವಾಗಿ ಒಂದೇ ಬಾಗಿಲಿದ್ದು, ತೊಟ್ಟಿಲು ಗೋಡೆಗೆ ತಾಗಿದಂತಿರುತ್ತದೆ. ಹೀಗಿರುವಲ್ಲಿ ಕೂಸಿಗೆ ನೋಡಲು ಒಂದೇ ದಿಕ್ಕು ಉಳಿಯುತ್ತದೆ. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಯಂತಹ ಮಲೆನಾಡಿನ ಗ್ರಾಮಗಳಲ್ಲಿ ಮಳೆಗಾಲ ಪೂರ್ತಿ ತಾಯಿ ಮತ್ತು ಕೂಸು ಒಳಕೋಣೆಯಲ್ಲಿಯೇ ಇರಬೇಕಾಗುವುದರಿಂದ ಈ ಅಂಶಕ್ಕೆ ಹೆಚ್ಚಿನ ಗಮನ ಕೊಡಬೇಕಾಗುತ್ತದೆ.

ಇದಕ್ಕೆ ಸುಲಭ ಉಪಾಯವೆಂದರೆ ಒಂದು ದಿನ ಕೂಸಿನ ತಲೆ ಇದ್ದ ಕಡೆಗೆ ಮರುದಿನ ಕಾಲು ಬರುವಂತೆ ಮಲಗಿಸುವುದು. ಆಗ ಬಾಗಿಲನ್ನು ನೋಡಲು ಕೂಸು ಇನ್ನೊಂದು ಬದಿಗೆ ತಿರುಗಲೇಬೇಕಾಗುತ್ತದೆ. ಉತ್ತರಕ್ಕೆ ತಲೆ ಹಾಕಬಾರದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಇರುವುದರಿಂದ ಹಿರಿಯರು ಈ ಸಲಹೆಗೆ ಒಪ್ಪದಿರಬಹುದು. ಅಂತಹ ಮನೆಗಳಲ್ಲಿ ತೊಟ್ಟಿಲನ್ನು ಪೂರ್ವ–ಪಶ್ಚಿಮವಾಗಿ ಕಟ್ಟಿ ಎರಡು ದಿಕ್ಕಿಗೂ ಅದಲುಬದಲು ಮಾಡಿದರಾಯಿತು. ಅದೂ ಆಗದಿದ್ದಲ್ಲಿ ತಲೆಯ ದಿಕ್ಕು ಹಾಗೆಯೇ ಇರಲಿ, ತಾಯಿ ಕೂಡುವ ಮತ್ತು ಮಲಗುವ ಬದಿಯನ್ನು ಬದಲಿಸಬೇಕು. ತೊಟ್ಟಿಲಿಗೆ ಕಟ್ಟುವ ಗಿಲಕಿ ಅಥವಾ ಬಣ್ಣದ ಆಟಿಕೆ ನೇರ ಮೇಲಕ್ಕೆ ಇರದೆ, ಕೂಸು ಕಡಿಮೆ ತಿರುಗುವ ಕಡೆಗೆ ಇರಬೇಕು. ಅದನ್ನು ಕೈಗೆಟುಕದಷ್ಟು ದೂರದಲ್ಲಿ ಕಟ್ಟಬೇಕು. ನಿದ್ದೆ ಹತ್ತಿದ ನಂತರ ತಲೆಯನ್ನು ಮೆಲ್ಲಗೆ ದುಂಡಗಿರುವ ಮಗ್ಗುಲಿಗೆ ತಿರುಗಿಸಿ ಇಡಬಹುದು. ಸಂಪೂರ್ಣ ಅಂಗಾತವಾಗಿದ್ದು ತಲೆ ಮಾತ್ರ ಬಲಕ್ಕೋ ಎಡಕ್ಕೋ ತಿರುಗಿದ್ದರೆ ಅದರಿಂದ ತೊಂದರೆಯಿಲ್ಲ.

ಎಚ್ಚರವಿರುವಾಗ ಕೂಸನ್ನು ಬೋರಲು ಮಲಗಿಸುವುದು ಎರಡನೆಯ ಮತ್ತು ಮುಖ್ಯವಾದ ಉಪಾಯ. ಇನ್ನೂ ಅಂಬೆಗಾಲಿಡದ ಶಿಶುಗಳನ್ನು ದಿನದಲ್ಲಿ ಒಟ್ಟು ಕನಿಷ್ಠ 30 ನಿಮಿಷ, ಹಲವು ಬಾರಿಯಾಗಿ ಹಂಚಿಕೊಂಡು, ಎಚ್ಚರವಾಗಿರುವಾಗ ಬೋರಲು ಮಲಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿದೆ. ಇದರಿಂದ ತಲೆಯ ಹಿಂಭಾಗದ ಒತ್ತಡ ತಪ್ಪುತ್ತದೆ, ಕುತ್ತಿಗೆ, ಭುಜ ಹಾಗೂ ಬೆನ್ನಿನ ಸ್ನಾಯುಗಳು ಬಲಗೊಂಡು ಕೂಸು ಬೇಗನೆ ತಲೆ ಎತ್ತಲು ಕಲಿಯುತ್ತದೆ.

ಈ ಸೂಚನೆ ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ಕೂಸಿಗೆ ಎರೆಯುವಾಗ ಅಜ್ಜಿ ಅಥವಾ ಎರೆಯುವ ಹೆಣ್ಣುಮಗಳು ಕಾಲು ಚಾಚಿ ಕುಳಿತು, ಮೊಣಕಾಲ ಕೆಳಗೆ ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುವ ಪದ್ಧತಿ ದೇಸೂರ ಸುತ್ತಿನ ಕನ್ನಡ ಮನೆಗಳಲ್ಲೂ ಮರಾಠಿ ಮನೆಗಳಲ್ಲೂ ಒಂದೇ ರೀತಿಯಾಗಿದೆ. ಆ ಕೆಲವು ನಿಮಿಷಗಳು ವಿಶ್ವ ಆರೋಗ್ಯ ಸಂಸ್ಥೆ ಹೇಳುವ 30 ನಿಮಿಷದ ಲೆಕ್ಕಕ್ಕೆ ಸೇರುತ್ತವೆ. ಉಳಿದ ನಿಮಿಷಗಳನ್ನು ಎರಡೆರಡು, ಮೂರು ಮೂರು ನಿಮಿಷದಂತೆ ಚಾಪೆಯ ಮೇಲೆ, ತಾಯಿಯ ಎದೆಯ ಮೇಲೆ, ತಂದೆಯ ತೊಡೆಯ ಮೇಲೆ ಅಡ್ಡಲಾಗಿ ಹಾಕಿಕೊಂಡು ತುಂಬಬಹುದು. ಮೊದಮೊದಲು ಕೂಸು ಅಳುವುದು ಸಹಜ. ಎದುರಿಗೆ ಯಾರಾದರೂ ಮಲಗಿ ಮಾತನಾಡಿಸಿದರೆ ಸುಮ್ಮನಾಗುತ್ತದೆ. ಹಾಲು ಕುಡಿಸಿದ ತಕ್ಷಣ ಬೋರಲು ಹಾಕಬಾರದು. ಬೋರಲಿರುವಷ್ಟು ಹೊತ್ತು ದೊಡ್ಡವರೊಬ್ಬರು ಕಣ್ಣಿಟ್ಟಿರಬೇಕು, ತೂಕಡಿಸಿದಲ್ಲಿ ಅಂಗಾತ ತಿರುಗಿಸಬೇಕು.

ಎತ್ತಿಕೊಳ್ಳುವುದರಿಂದಲೂ ತಲೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಕೂಸು ಸದಾ ಕೈಮೇಲೆ ಇರುವುದು ಕೆಟ್ಟ ಚಾಳಿ ಎಂಬ ಮಾತಿದೆ, ಆದರೆ ಚಪ್ಪಟೆ ಕಂಡ ಶಿಶುವಿನ ಮಟ್ಟಿಗೆ ಆ ಮಾತನ್ನು ಕೆಲವು ತಿಂಗಳು ಬದಿಗಿಡುವುದು ಲೇಸು. ಮೂರು ನಾಲ್ಕು ತಿಂಗಳಿಗೆ ಕುತ್ತಿಗೆ ನಿಂತ ಮೇಲೆ ಸೊಂಟದ ಮೇಲೆ ಕೂರಿಸಿಕೊಳ್ಳುವ ವಾಡಿಕೆಯೂ ಒಳ್ಳೆಯದೇ. ಎದೆಹಾಲು ಉಣಿಸುವಾಗ ಬದಿ ತಾನಾಗಿಯೇ ಬದಲಾಗುತ್ತದೆ. ಅನಿವಾರ್ಯ ಕಾರಣದಿಂದ ಮೇಲು ಹಾಲು ಕುಡಿಸುವವರು ಒಂದೇ ತೋಳಿನ ಮೇಲೆ ಮಲಗಿಸಿಕೊಳ್ಳದೆ ತೋಳು ಬದಲಿಸುತ್ತಿರಬೇಕು.

ಜೋಳಿಗೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಹೊಲಕ್ಕೆ, ಕಟ್ಟಡದ ಕೆಲಸಕ್ಕೆ ಹೋಗುವ ತಾಯಂದಿರಿಗೆ ಸೀರೆಯ ಜೋಳಿಗೆಯಷ್ಟು ಅನುಕೂಲವಾದ ಸಾಧನ ಬೇರೊಂದಿಲ್ಲ ಎಂಬುದು ನಿಜ. ಆದರೆ ಬಟ್ಟೆಯು ಎರಡೂ ಕಡೆಯಿಂದ ತಲೆಯನ್ನು ಹಿಡಿದಿಡುವುದರಿಂದ ಕೂಸಿಗೆ ತಿರುಗಲು ಅವಕಾಶವಿರುವುದಿಲ್ಲ, ಹಾಗೂ ಗದ್ದ ಎದೆಗೆ ತಾಗಿದಲ್ಲಿ ಉಸಿರಾಟಕ್ಕೆ ಅಡಚಣೆಯಾಗಬಹುದು. ಆದ್ದರಿಂದ ದೀರ್ಘ ನಿದ್ದೆಗೆ ಸಮತಟ್ಟಾದ ಹಾಸಿಗೆಯನ್ನೇ ಬಳಸಬೇಕು. ಜೋಳಿಗೆಯಲ್ಲಿ ಹಾಕುವುದು ಅನಿವಾರ್ಯವಾದಲ್ಲಿ ಅಲ್ಪ ಸಮಯಕ್ಕೆ ಮಾತ್ರ ಹಾಕಿ, ಮುಖ ಕಾಣುವಂತೆ ಬಟ್ಟೆಯನ್ನು ಬಿಡಿಸಿಟ್ಟು, ಯಾರಾದರೊಬ್ಬರು ಹತ್ತಿರವೇ ಇದ್ದು ನೋಡಿಕೊಳ್ಳಬೇಕು. ಪಟ್ಟಣಗಳಲ್ಲಿ ಬಳಸುವ ಕಾರಿನ ಶಿಶು ಆಸನ ಮತ್ತು ತೂಗುಕುರ್ಚಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕಾರಿನ ಆಸನವನ್ನು ಪ್ರಯಾಣಕ್ಕೆ ತಪ್ಪದೆ ಬಳಸಬೇಕು, ಮನೆಗೆ ತಂದು ಹಾಸಿಗೆಯಂತೆ ಬಳಸಬಾರದು.

ದಿಂಬು, ತಲೆ ತಿದ್ದುವುದು ಹಾಗೂ ಹೆಲ್ಮೆಟ್

ಸಾಸಿವೆ ಅಥವಾ ರಾಗಿ ತುಂಬಿದ ಸಣ್ಣ ದಿಂಬನ್ನು ಕೂಸಿನ ತಲೆಯಡಿ ಇಡುವ ಪದ್ಧತಿ ಕರ್ನಾಟಕದ ಬಹುತೇಕ ಕಡೆ ಇದೆ. ಈಗ ಅದೇ ದಿಂಬು ನಡುವೆ ಗುಳಿ ಮಾಡಿದ ರೂಪದಲ್ಲಿ ಅಂಗಡಿಗಳಲ್ಲೂ ಅಂತರಜಾಲದಲ್ಲೂ ಮಾರಾಟಕ್ಕಿದೆ. ತಲೆ ದುಂಡಗಾಗುತ್ತದೆ ಎಂಬ ಭರವಸೆಯ ಮೇಲೆ ಮಾರುವ ಇಂತಹ ದಿಂಬುಗಳನ್ನು ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರ ನವೆಂಬರ್‌ನಲ್ಲಿ ಎಚ್ಚರಿಕೆ ನೀಡಿತು. ದಿಂಬು ಜಾರಿದಾಗ ಮುಖ ಮುಚ್ಚಿಕೊಂಡು ಉಸಿರುಕಟ್ಟುವ ಅಪಾಯವಿರುವುದು ಮತ್ತು ಪ್ರಯೋಜನ ಸಾಬೀತಾಗದಿರುವುದು ಇದಕ್ಕೆ ಕಾರಣ. ಮನೆಯಲ್ಲಿ ಹೊಲಿದ ದಿಂಬಿನ ಹೊಲಿಗೆ ಬಿಚ್ಚಿದರೆ ಕಾಳುಗಳು ಮೂಗು ಬಾಯಿಗೆ ಹೋಗುವ ಭಯವೂ ಇದೆ. ಹಿರಿಯರು ಪ್ರೀತಿಯಿಂದ ಹೊಲಿದು ತಂದ ದಿಂಬನ್ನು ಬೇಡವೆನ್ನುವುದು ಸೊಸೆಯಂದಿರಿಗೆ ಕಷ್ಟವೆಂಬುದು ತಿಳಿದ ವಿಷಯವೇ ಆಗಿದೆ. ಲಸಿಕೆಯ ದಿನ ಆರೋಗ್ಯ ಕಾರ್ಯಕರ್ತೆಯ ಎದುರಿಗೆ ಅತ್ತೆಯವರನ್ನೂ ಕರೆತಂದು ಅವರ ಬಾಯಿಂದಲೇ ಈ ಮಾತನ್ನು ಹೇಳಿಸುವುದು ಉತ್ತಮ.

ಎರೆಯುವಾಗ ಕೂಸಿನ ಹಣೆ ಹಾಗೂ ಹಿಂದಲೆಯನ್ನು ಅಂಗೈಯಿಂದ ಒತ್ತಿ ಆಕಾರಕ್ಕೆ ತರುವ ರೂಢಿಯನ್ನು ಕೈಬಿಡಬೇಕು. ಮೂಳೆಯ ಆಕಾರವು ದಿನಕ್ಕೆ ಕೆಲವು ನಿಮಿಷ ಒತ್ತುವುದರಿಂದ ಬದಲಾಗುವುದಿಲ್ಲ, ದಿನದ ಹಲವು ಗಂಟೆಗಳ ಸ್ಥಿತಿಯಿಂದ ಮಾತ್ರ ಬದಲಾಗುತ್ತದೆ. ನೆತ್ತಿಯ ಮೇಲೆ ಒತ್ತುವುದಂತೂ ಸರ್ವಥಾ ಸಲ್ಲದು. ಮೈಗೆ ಹಗುರವಾಗಿ ಎಣ್ಣೆ ತಿಕ್ಕುವುದಕ್ಕೆ ಅಡ್ಡಿಯಿಲ್ಲ.

ಇನ್ನು ಹೆಲ್ಮೆಟ್. ಶಿಶುವಿನ ತಲೆಯ ಅಳತೆ ತೆಗೆದು ತಯಾರಿಸುವ ಈ ಸಾಧನವನ್ನು ದಿನಕ್ಕೆ ಸುಮಾರು 23 ಗಂಟೆಯಂತೆ ಕೆಲವು ತಿಂಗಳು ತೊಡಿಸಬೇಕಾಗುತ್ತದೆ. ಬೆಲೆ ದುಬಾರಿ, ಬೆವರಿನಿಂದ ಚರ್ಮದ ತೊಂದರೆಯೂ ಆಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ 84 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳು ಹೆಲ್ಮೆಟ್ ತೊಡಿಸಿ, ಇನ್ನೊಂದು ಗುಂಪನ್ನು ಹಾಗೆಯೇ ಬೆಳೆಯಲು ಬಿಟ್ಟು, ಎರಡು ವರ್ಷದ ಪ್ರಾಯದಲ್ಲಿ ಅಳೆದು ನೋಡಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಪೂರ್ಣ ಸರಿಹೋದವರು ಹೆಲ್ಮೆಟ್ ಗುಂಪಿನಲ್ಲಿ ಶೇಕಡಾ 26, ಇನ್ನೊಂದರಲ್ಲಿ ಶೇಕಡಾ 23. ಗಮನಾರ್ಹ ವ್ಯತ್ಯಾಸವಿಲ್ಲವೆಂದು ಅಧ್ಯಯನ ನಡೆಸಿದವರು ತಿಳಿಸಿದರು. ಅತಿ ತೀವ್ರ ಚಪ್ಪಟೆಯಿರುವ ಶಿಶುಗಳನ್ನು ಆ ಅಧ್ಯಯನದಲ್ಲಿ ಸೇರಿಸಿರಲಿಲ್ಲ. ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘಟನೆಯ 2016ರ ಮಾರ್ಗಸೂಚಿಯಂತೆ, ಉಳಿದ ಕ್ರಮಗಳಿಂದ ಗುಣವಾಗದ ಮಧ್ಯಮ ಅಥವಾ ತೀವ್ರ ಚಪ್ಪಟೆಗೆ ಹೆಲ್ಮೆಟ್ ಪರಿಗಣಿಸಬಹುದಾಗಿದೆ. ಅಂದರೆ ವೈದ್ಯರಲ್ಲಿಯೇ ಅಭಿಪ್ರಾಯಭೇದವಿದೆ. ಅಲ್ಪಸ್ವಲ್ಪ ಚಪ್ಪಟೆಗೆ ಸಾಲ ಮಾಡಿ ಹೆಲ್ಮೆಟ್ ಕೊಳ್ಳುವ ಪ್ರಮೇಯವಿಲ್ಲ. ಖಾಸಗಿಯಾಗಿ ಯಾರಾದರೂ ಸಲಹೆ ನೀಡಿದ್ದಲ್ಲಿ ಹಣ ಕಟ್ಟುವ ಮುನ್ನ ಸರ್ಕಾರಿ ಆಸ್ಪತ್ರೆಯ ಮಕ್ಕಳ ತಜ್ಞರ ಅಭಿಪ್ರಾಯವನ್ನೂ ಪಡೆಯುವುದು ಸೂಕ್ತ.

ಕುತ್ತಿಗೆಯನ್ನೂ ಪರೀಕ್ಷಿಸಬೇಕು

ಒಂದೇ ಕಡೆಗೆ ತಿರುಗಿ ಮಲಗುವ ಎಷ್ಟೋ ಶಿಶುಗಳಲ್ಲಿ ಮೂಲ ತೊಂದರೆ ಇರುವುದು ತಲೆಯಲ್ಲಲ್ಲ, ಕುತ್ತಿಗೆಯಲ್ಲಿ. ಕಿವಿಯ ಹಿಂದಿನಿಂದ ಎದೆಮೂಳೆಯವರೆಗೆ ಇಳಿಯುವ ಸ್ನಾಯು ಒಂದು ಬದಿಯಲ್ಲಿ ಬಿಗಿದುಕೊಂಡಿದ್ದರೆ ಕೂಸಿನ ತಲೆ ಒಂದು ಕಡೆಗೆ ವಾಲಿ, ಗದ್ದ ಇನ್ನೊಂದು ಕಡೆಗೆ ತಿರುಗಿರುತ್ತದೆ. ಕೆಲವೊಮ್ಮೆ ಹುಟ್ಟಿದ ಕೆಲವು ವಾರಗಳಲ್ಲಿ ಆ ಸ್ನಾಯುವಿನಲ್ಲಿ ಸಣ್ಣ ಗಂಟು ಕೈಗೆ ಸಿಗುತ್ತದೆ. ಇದಕ್ಕೆ ದೃಷ್ಟಿ ತೆಗೆಸುವುದರಿಂದಾಗಲಿ ನಾಟಿ ಲಟಿಕೆ ತೆಗೆಸುವುದರಿಂದಾಗಲಿ ಪ್ರಯೋಜನವಿಲ್ಲ. ತಿಳಿಯದವರು ಕುತ್ತಿಗೆ ತಿರುವುವುದು ಅಪಾಯಕಾರಿ. ಫಿಜಿಯೊಥೆರಪಿ ತಜ್ಞರು ತಾಯಿಗೆ ಹೇಳಿಕೊಡುವ ಮೃದುವಾದ ವ್ಯಾಯಾಮಗಳನ್ನು ಮೊದಲ ಮೂರು ತಿಂಗಳೊಳಗೆ ಪ್ರಾರಂಭಿಸಿದಲ್ಲಿ ಬಹುತೇಕ ಶಿಶುಗಳು ಶಸ್ತ್ರಚಿಕಿತ್ಸೆಯಿಲ್ಲದೆ ಗುಣಹೊಂದುತ್ತವೆ. ಇಂತಹ ಶಿಶುಗಳ ಸೊಂಟದ ಕೀಲನ್ನೂ ವೈದ್ಯರು ಪರೀಕ್ಷಿಸುತ್ತಾರೆ.

ತಲೆ ಚಪ್ಪಟೆಯಾದರೆ ಮೆದುಳಿಗೆ ಏಟಾಗುತ್ತದೆಯೇ ಎಂಬುದು ಪೋಷಕರ ಮೊದಲ ಪ್ರಶ್ನೆಯಾಗಿರುತ್ತದೆ. ಮಲಗುವ ಭಂಗಿಯಿಂದಾದ ಚಪ್ಪಟೆಯು ಮೆದುಳನ್ನು ಒತ್ತುವುದಿಲ್ಲ. ಮೆದುಳು ಬೆಳೆಯಲು ಜಾಗ ಅಷ್ಟೇ ಇರುತ್ತದೆ, ಆಕಾರ ಮಾತ್ರ ಬದಲಾಗಿರುತ್ತದೆ. ಆದರೆ ಕಡಿಮೆ ಹೊರಳಾಡುವ, ತಡವಾಗಿ ಕುತ್ತಿಗೆ ನಿಲ್ಲುವ ಶಿಶುಗಳ ತಲೆ ಹೆಚ್ಚು ಚಪ್ಪಟೆಯಾಗುವ ಸಾಧ್ಯತೆಯಿದೆ. ಹೀಗಾಗಿ ಚಪ್ಪಟೆಯು ಕೆಲವೊಮ್ಮೆ ಬೆಳವಣಿಗೆಯ ವಿಳಂಬದ ಸುಳಿವಾಗಿರಬಹುದು. ನಾಲ್ಕು ತಿಂಗಳು ದಾಟಿದರೂ ಕುತ್ತಿಗೆ ನಿಲ್ಲದಿದ್ದಲ್ಲಿ ತಲೆಯ ಆಕಾರದ ಜೊತೆಗೆ ಅದನ್ನೂ ವೈದ್ಯರ ಗಮನಕ್ಕೆ ತರಬೇಕು. ಡಿ ಜೀವಸತ್ವದ ಕೊರತೆಯಿಂದ ಮೂಳೆ ಮೃದುವಾಗಿರುವ ಶಿಶುಗಳಲ್ಲೂ ತಲೆ ಬೇಗ ಚಪ್ಪಟೆಯಾಗುತ್ತದೆ. ವೈದ್ಯರು ಹನಿ ಔಷಧ ಬರೆದಿದ್ದಲ್ಲಿ ತಪ್ಪದೆ ಹಾಕಬೇಕು.

ತಡಮಾಡದೆ ತೋರಿಸಬೇಕಾದ ಲಕ್ಷಣಗಳು

ಬುರುಡೆಯ ಸಂದುಗಳು ಕಾಲಕ್ಕೆ ಮುಂಚೆಯೇ ಕೂಡಿಕೊಂಡುಬಿಡುವ ಸ್ಥಿತಿ ಸುಮಾರು 2000ರಿಂದ 2500 ಜನನಗಳಲ್ಲಿ ಒಂದು ಶಿಶುವಿಗೆ ಬರುತ್ತದೆ. ಇಲ್ಲಿ ಮಲಗಿಸುವ ರೀತಿ ಬದಲಿಸಿದರೂ ಆಕಾರ ಸರಿಹೋಗುವುದಿಲ್ಲ. ಮುಚ್ಚಿದ ಸಂದನ್ನು ಶಸ್ತ್ರಚಿಕಿತ್ಸೆಯ ಮೂಲಕ ಬಿಡಿಸಬೇಕಾಗುತ್ತದೆ, ಅದನ್ನು ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಮಾಡಲಾಗುತ್ತದೆ. ಸಣ್ಣ ಗಾಯದ ದೂರದರ್ಶಕ ವಿಧಾನಕ್ಕೆ ಇನ್ನೂ ಮೊದಲೇ, ಮೂರರಿಂದ ಆರು ತಿಂಗಳ ಸುಮಾರಿಗೆ, ಶಿಶು ತಜ್ಞರ ಬಳಿ ತಲುಪಿರಬೇಕು. ವರ್ಷದ ಮೇಲೆ ಬಂದವರಿಗೆ ಆಯ್ಕೆಗಳು ಕಡಿಮೆ, ಶಸ್ತ್ರಚಿಕಿತ್ಸೆಯೂ ದೊಡ್ಡದು.

ಮನೆಯಲ್ಲಿಯೇ ನೋಡಬಹುದಾದ ಒಂದು ಪರೀಕ್ಷೆಯಿದೆ. ಎರೆದ ಬಳಿಕ ಕೂದಲು ಒದ್ದೆಯಿರುವಾಗ ಕೂಸನ್ನು ಒಬ್ಬರ ತೊಡೆಯ ಮೇಲೆ ಕೂರಿಸಿ, ಇನ್ನೊಬ್ಬರು ನೇರ ಮೇಲಿನಿಂದ ನೋಡಬೇಕು. ಮಲಗುವ ಭಂಗಿಯಿಂದಾದ ಚಪ್ಪಟೆಯಲ್ಲಿ, ಚಪ್ಪಟೆಯಿರುವ ಬದಿಯ ಕಿವಿ ಹಾಗೂ ಹಣೆ ತುಸು ಮುಂದಕ್ಕೆ ಸರಿದಿರುತ್ತವೆ. ಹಿಂಭಾಗದ ಸಂದು ಮುಚ್ಚಿರುವುದರಿಂದಾದ ಚಪ್ಪಟೆಯಲ್ಲಿ ಆ ಬದಿಯ ಕಿವಿ ಮುಂದೆ ಸರಿಯದೆ, ಹಲವು ಬಾರಿ ಹಿಂದಕ್ಕೆ ಮತ್ತು ಕೆಳಕ್ಕೆ ಎಳೆದಂತಿರುತ್ತದೆ. ಇದನ್ನು ನಿರ್ಧರಿಸುವುದು ವೈದ್ಯರ ಕೆಲಸ. ಆದರೂ ತಿಂಗಳಿಗೊಮ್ಮೆ ಇದೇ ರೀತಿ ಮೇಲಿನಿಂದ ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡಲ್ಲಿ ಹೆಚ್ಚಾಗುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂದು ವೈದ್ಯರಿಗೆ ತೋರಿಸಲು ಅನುಕೂಲ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಹುಟ್ಟಿದಂದಿನಿಂದಲೇ ಇದ್ದು ಕಡಿಮೆಯಾಗದ ವಿಕಾರ, ಸಂದಿನ ಉದ್ದಕ್ಕೆ ಕೈಗೆ ಸಿಗುವ ಗಟ್ಟಿ ಏರು, ತೀರ ಬೇಗ ಮುಚ್ಚಿದ ನೆತ್ತಿ, ತಲೆಯ ಸುತ್ತಳತೆ ಹೆಚ್ಚದಿರುವುದು ಅಥವಾ ಅತಿ ವೇಗವಾಗಿ ಹೆಚ್ಚುವುದು, ಆರು ತಿಂಗಳ ನಂತರವೂ ಚಪ್ಪಟೆ ಹೆಚ್ಚುತ್ತಲೇ ಇರುವುದು, ಎರಡು ಕಣ್ಣುಗಳು ಸಮವಾಗಿ ಕಾಣದಿರುವುದು, ಕುತ್ತಿಗೆ ಒಂದೇ ಬದಿಗೆ ವಾಲಿರುವುದು ಇವುಗಳಲ್ಲಿ ಯಾವುದೊಂದು ಕಂಡರೂ ಮುಂದಿನ ಲಸಿಕೆಯ ದಿನದವರೆಗೆ ಕಾಯದೆ ವೈದ್ಯರಿಗೆ ತೋರಿಸಬೇಕು. ಕೂಸು ಅಳದೆ ಸುಮ್ಮನಿರುವಾಗಲೂ ನೆತ್ತಿ ಉಬ್ಬಿರುವುದು, ಪದೇ ಪದೇ ವಾಂತಿ, ಮಂಕಾಗಿ ಮಲಗಿರುವುದು, ಸೆಳವು ಕಂಡಲ್ಲಿ ಅದು ತುರ್ತು ಸ್ಥಿತಿಯಾಗಿದ್ದು, 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಸೇವೆ ಪಡೆಯುವ ವಿಧಾನ

ತಲೆಯ ತಪಾಸಣೆಗೆಂದೇ ಒಂದು ದಿನದ ಕೂಲಿ ಕಳೆದುಕೊಂಡು ಪ್ರತ್ಯೇಕವಾಗಿ ಬರಬೇಕಾಗಿಲ್ಲ. ಒಂದೂವರೆ, ಎರಡೂವರೆ ಮತ್ತು ಮೂರೂವರೆ ತಿಂಗಳಿಗೆ ಹಾಕಿಸುವ ಲಸಿಕೆಗಳು ಚಪ್ಪಟೆ ಕಾಣಿಸಿಕೊಳ್ಳುವ ಮತ್ತು ಸರಿಪಡಿಸಬಹುದಾದ ಅವಧಿಯಲ್ಲಿಯೇ ಬರುತ್ತವೆ. ಅಂದು ಕೂಸಿನ ಕುಂಚಿಗೆ ಅಥವಾ ಟೋಪಿ ಬಿಚ್ಚಿ ತಲೆಯನ್ನು ತೋರಿಸಿ, ಸುತ್ತಳತೆ ಅಳೆದು ತಾಯಿ ಕಾರ್ಡಿನಲ್ಲಿ ಬರೆದುಕೊಡುವಂತೆ ಪೋಷಕರು ಕೋರಬಹುದು. ಸುತ್ತಳತೆಯನ್ನು ಒಂದು ಬಾರಿ ಅಳೆದರೆ ಹೆಚ್ಚು ತಿಳಿಯುವುದಿಲ್ಲ. ಮೂರು ಭೇಟಿಯ ಮೂರು ಅಂಕಿಗಳು ಸಿಕ್ಕರೆ ಬೆಳವಣಿಗೆ ಸರಿಯಿದೆಯೇ ಎಂಬುದು ಸ್ಪಷ್ಟವಾಗುತ್ತದೆ. ಒಂಬತ್ತು ತಿಂಗಳ ಲಸಿಕೆಯ ದಿನ ಮತ್ತೊಮ್ಮೆ ನೋಡಿಸಬೇಕು.

ಆಶಾ ಕಾರ್ಯಕರ್ತೆಯರು ಹೆರಿಗೆಯ ನಂತರ 42 ದಿನಗಳವರೆಗೆ ನವಜಾತ ಶಿಶುವಿನ ಮನೆಭೇಟಿ ಮಾಡುತ್ತಾರೆ. 2018ರಲ್ಲಿ ಆರಂಭವಾದ ಮತ್ತೊಂದು ಕಾರ್ಯಕ್ರಮದಡಿ 3, 6, 9, 12 ಮತ್ತು 15ನೇ ತಿಂಗಳಲ್ಲಿ ಪುನಃ ಭೇಟಿ ನೀಡುತ್ತಾರೆ. ಇಲ್ಲಿ ಒಂದು ತೊಡಕಿದೆ. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗಿ ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ತೊಟ್ಟಿಲೊಡನೆ ಗಂಡನ ಮನೆಗೆ ಮರಳುವುದು ವಾಡಿಕೆ. ದೇಸೂರಿನ ಸೊಸೆಯ ತವರು ಖಾನಾಪುರದ ಕಡೆಗಿರಬಹುದು, ಗಡಿಯಾಚೆಗಿನ ಚಂದಗಡ ತಾಲ್ಲೂಕಿನಲ್ಲೂ ಇರಬಹುದು. ತವರೂರಿನ ಆಶಾ ಕಾರ್ಯಕರ್ತೆ ನೋಡಿದ್ದು ಗಂಡನ ಊರಿನವರಿಗೆ ಗೊತ್ತಿರುವುದಿಲ್ಲ, ಹಾಗೂ ಈ ಕೈಬದಲಾವಣೆಯು ಚಪ್ಪಟೆಯನ್ನು ಗಮನಿಸಬೇಕಾದ ತಿಂಗಳುಗಳಲ್ಲಿಯೇ ನಡೆಯುತ್ತದೆ. ಆದ್ದರಿಂದ ಊರು ಬದಲಿಸುವಾಗ ತಾಯಿ ಕಾರ್ಡ್ ಅಥವಾ ಮಹಾರಾಷ್ಟ್ರದಲ್ಲಿ ಕೊಟ್ಟ ಲಸಿಕಾ ಕಾರ್ಡನ್ನು ತಪ್ಪದೆ ಜೊತೆಗೆ ತರಬೇಕು ಮತ್ತು ಬಂದ ವಾರದಲ್ಲಿಯೇ ಇಲ್ಲಿನ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಬೇಕು. ಬೇರೆ ರಾಜ್ಯದ ಕಾರ್ಡ್ ಎಂಬ ಕಾರಣಕ್ಕೆ ಮೊದಲಿನಿಂದ ಲಸಿಕೆ ಆರಂಭಿಸುವುದಿಲ್ಲ, ಮುಂದಿನದನ್ನು ಮುಂದುವರಿಸಲಾಗುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಸಂಶಯ ಬಂದಲ್ಲಿ ಮಕ್ಕಳ ತಜ್ಞರಿಗೆ ಕಳುಹಿಸಲಾಗುತ್ತದೆ. ಬೆಳಗಾವಿ–ಖಾನಾಪುರ ಮಾರ್ಗದಲ್ಲಿರುವ ದೇಸೂರಿನವರಿಗೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆ, ಅಂದರೆ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯು ಅನುಕೂಲ. ಖಾನಾಪುರ ತಾಲ್ಲೂಕಿನವರು ಮೊದಲು ಖಾನಾಪುರದ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಭೇಟಿ ನೀಡಿ ಮಕ್ಕಳ ತಪಾಸಣೆ ನಡೆಸುತ್ತವೆ. ಆದರೆ ಚಪ್ಪಟೆಯ ವಿಷಯದಲ್ಲಿ ಆರು ತಿಂಗಳು ದೀರ್ಘ ಅವಧಿಯಾದ್ದರಿಂದ ತಂಡ ಬರುವವರೆಗೆ ಕಾಯುವುದು ಸೂಕ್ತವಲ್ಲ.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಅಸ್ವಸ್ಥ ಶಿಶುಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ, ಪರೀಕ್ಷೆ ಹಾಗೂ ಮೇಲಿನ ಆಸ್ಪತ್ರೆಗೆ ಸಾಗಿಸುವ ವಾಹನ ವ್ಯವಸ್ಥೆ ಉಚಿತವಾಗಿರುತ್ತದೆ. ಶಸ್ತ್ರಚಿಕಿತ್ಸೆ ಬೇಕಾದಲ್ಲಿ 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಅನುಮೋದನೆಗಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯಬೇಕು. ಶಿಫಾರಸು ಪಡೆಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ, ಬಿಲ್ಲು ಪಾವತಿಸಿದ ಮೇಲೆ ಹಣ ಮರುಪಾವತಿ ಕೋರಿ ಅರ್ಜಿ ಹಿಡಿದು ಅಲೆಯುವ ಪ್ರಸಂಗವನ್ನು ಪೋಷಕರು ತಂದುಕೊಳ್ಳಬಾರದು. ಈ ಹಂತದಲ್ಲಿ ಪಡಿತರ ಚೀಟಿ, ಪೋಷಕರ ಆಧಾರ್ ಮತ್ತು ಮಗುವಿನ ಜನನ ಪ್ರಮಾಣಪತ್ರ ಅವಶ್ಯಬೀಳುತ್ತವೆ. ಮಗುವಿನ ಜನನವನ್ನು ಹೆರಿಗೆಯಾದ ಸ್ಥಳದಲ್ಲಿಯೇ 21 ದಿನದೊಳಗೆ ನೋಂದಾಯಿಸಿ ಪ್ರಮಾಣಪತ್ರ ಪಡೆದಿಟ್ಟುಕೊಂಡಿದ್ದಲ್ಲಿ ತವರೂರಿಗೆ ಪುನಃ ಅಲೆಯುವುದು ತಪ್ಪುತ್ತದೆ. ಮೊದಲ ತಪಾಸಣೆಗೆ ಮಾತ್ರ ಈ ಯಾವ ದಾಖಲೆಗಾಗಿಯೂ ಕಾಯಬೇಕಿಲ್ಲ. ಕೂಸನ್ನು ಮತ್ತು ತಾಯಿ ಕಾರ್ಡನ್ನು ತಂದರೆ ಸಾಕು.